ಬಸಲಿಂಗಮ್ಮ ಬೇಡವೆಂದ ಮನೆ

ಯಾರ ಮನೆಗೆ ಹೋದರೂ ಬಸಲಿಂಗಮ್ಮ ಮೊದಲು ಹಿತ್ತಿಲಿಗೆ ಹೋಗುತ್ತಿದ್ದರು. ಬಳಕೆಯ ನೀರಿನ ತೊಟ್ಟಿಯ ಮುಚ್ಚಳ ಸರಿಸಿ, ಬಳೆಗಳನ್ನು ಮೇಲಕ್ಕೇರಿಸಿಕೊಂಡು, ಮೊಣಕೈವರೆಗೆ ತೋಳನ್ನು ನೀರಿಗೆ ಇಳಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ‘ಇದು ಕಾಲುವಿ ನೀರು’ ಅಂತಲೋ, ‘ಟ್ಯಾಂಕರಿಂದು, ಬೋರಿನ ನೀರು ಬೆರಸ್ಯಾರ’ ಅಂತಲೋ ಹೇಳಿ ಒಳಗೆ ಬಂದು ಕೂರುತ್ತಿದ್ದರು.

ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೆಯೇ ಮಾಡಿದರು. ನಾವು ಸಿಂಧನೂರಿಗೆ ಬಂದು ಎರಡು ದಿನವಾಗಿತ್ತು, ಸಾಮಾನು ಇನ್ನೂ ಬಿಚ್ಚಿರಲಿಲ್ಲ. ಪಕ್ಕದ ಮನೆಯವರೆಂದು ತಟ್ಟೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಿಡಿದುಕೊಂಡು ಬಂದವರು ತಟ್ಟೆಯನ್ನು ನನ್ನ ಕೈಗಿತ್ತು ನೇರ ಹಿಂದಕ್ಕೆ ನಡೆದರು. ‘ತೊಟ್ಟಿ ಗೋಡಿಗೆಲ್ಲ ಪಾಚಿ ಹತ್ತೈತ್ರಿ ಟೀಚರಮ್ಮ. ನಾಡಿದ್ದು ನಳ ಬರತೈತಿ, ಅದಕ್ಕಿಂತ ಮೊದ್ಲ ತೊಳದು ಬಿಡೂಣು’ ಅಂದರು. ಮರುದಿನ ಸೀರೆ ಎತ್ತಿ ಕಟ್ಟಿ ತೊಟ್ಟಿಯೊಳಗೆ ಇಳಿದವರು ಅವರೇ. ನಾನು ಮೇಲಿನಿಂದ ಬಕೆಟ್ಟು ಹಿಡಿದುಕೊಂಡು ನಿಂತಿದ್ದೆ, ಅಷ್ಟೆ.

ನಾನು ಸರಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪತಿ ಮಲ್ಲಿಕಾರ್ಜುನ ಔಷಧ ಕಂಪನಿಯೊಂದರ ಪ್ರತಿನಿಧಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಹಟ್ಟಿ ಎಂದು ಬ್ಯಾಗು ಹಿಡಿದು ಸುತ್ತುವ ಕೆಲಸ. ನಮ್ಮದು ಎಂಟು ಮನೆಗಳ ಇಕ್ಕಟ್ಟಾದ ಓಣಿ. ಬಸಲಿಂಗಮ್ಮನವರ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ. ಅವರ ಒಗ್ಗರಣೆ ಸಿಡಿದರೆ ನಮಗೆ ಕೆಮ್ಮು ಬರುತ್ತಿತ್ತು. ನಳ ನಾಲ್ಕೈದು ದಿನಕ್ಕೊಮ್ಮೆ, ಅದೂ ಬೆಳಗಿನ ಜಾವ ಬರುತ್ತಿತ್ತು. ಓಣಿಯ ಜನ ಮದುವೆ, ಪ್ರಯಾಣ, ತಲೆಸ್ನಾನ ಎಲ್ಲವನ್ನೂ ಆ ದಿನ ನೋಡಿಕೊಂಡೇ ಗೊತ್ತು ಮಾಡುತ್ತಿದ್ದರು.

ಒಮ್ಮೆ ಓಣಿಯ ಮೊದಲ ಮನೆಗೆ ಬಾಡಿಗೆಗೆ ಬಂದ ನಿವೃತ್ತ ಅಧಿಕಾರಿಯೊಬ್ಬರು ನಳಕ್ಕೆ ನೇರವಾಗಿ ಮೋಟಾರು ಕೂರಿಸಿದರು. ನಮ್ಮ ನಳಗಳಲ್ಲಿ ಬರೀ ಗಾಳಿ ಬಂತು. ಗಂಡಸರು ಪುರಸಭೆಗೆ ಅರ್ಜಿ ಕೊಡುವ ಮಾತಾಡುತ್ತಿದ್ದಾಗ ಬಸಲಿಂಗಮ್ಮ ಎರಡು ಖಾಲಿ ಕೊಡ ಹೊತ್ತು ಹೋಗಿ ಆ ಅಧಿಕಾರಿಯ ಬಾಗಿಲಲ್ಲಿ ಕೂತರು.

‘ಏನು ಬೇಕ್ರಿ?’ ಎಂದರು ಅವರು.

‘ನಮ್ಮ ನೀರು ನಿಮ್ಮ ಮನಿಗೆ ಬಂದಾವ್ರಿ ಸಾಹೇಬ್ರ. ತಗೊಂಡು ಹೋಗಾಕ ಬಂದೀನಿ.’

ಅವರು ಎರಡೂ ಕೊಡ ತುಂಬಿಸಿ ಕೊಟ್ಟರು. ಬಸಲಿಂಗಮ್ಮ ಮತ್ತೆರಡು ಕೊಡ ತಂದರು, ಆಮೇಲೆ ಇನ್ನೆರಡು. ಮುಂದಿನ ಸಲ ನಳ ಬಂದಾಗ ಮೋಟಾರು ಇರಲಿಲ್ಲ.

ಅವರು ಎತ್ತರದ ಹೆಂಗಸು. ಭುಜಗಳು ಅಗಲವಾಗಿದ್ದವು, ಜಂಪರು ಹೊಲಿಯುವವನು ಪ್ರತಿ ಸಲವೂ ಬಟ್ಟೆ ಸಾಲದೆಂದು ಗೊಣಗುತ್ತಿದ್ದನಂತೆ. ಗಂಡ ಶರಣಪ್ಪನವರು ಅಕ್ಕಿ ಗಿರಣಿಯಲ್ಲಿ ಫಿಟ್ಟರು, ಮಾತು ಬಹಳ ಕಡಿಮೆ. ಒಬ್ಬಳೇ ಮಗಳನ್ನು ಬಳಗಾನೂರಿಗೆ ಕೊಟ್ಟಿದ್ದರು. ಆ ಭುಜಗಳು ಎಲ್ಲಿಂದ ಬಂದವೆಂದು ನನಗೆ ಗೊತ್ತಾದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಇಬ್ಬರೂ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆವು. ನನ್ನ ಹತ್ತು ವರ್ಷದ ಮಗಳು ಅನು ಬಂದು, ‘ಅಜ್ಜಿ, ನಿಮಗ ಈಸಾಕ ಬರತೈತೇನು?’ ಎಂದು ಕೇಳಿದಳು.

‘ಬರತಿತ್ತವ್ವ’ ಅಂದರು. ‘ನಮ್ಮ ಪಾಮನಕಲ್ಲೂರಾಗ ಅಪ್ಪನ ಹೊಲದಾಗ ಬಾವಿ ಇತ್ತು. ಅಣ್ಣಗೋಳಿಗೆ ಕಲಿಸೋ ಮುಂದ ಅಪ್ಪ ನನ್ನ ಸೊಂಟಕ್ಕೂ ಹಗ್ಗ ಕಟ್ಟಿ ಬಿಟ್ಟ. ಮೂರ ದಿನಕ್ಕ ನಾನ ಹಗ್ಗ ಬಿಚ್ಚಿ ಒಗದೆ. ತಳಕ್ಕ ಮುಳುಗಿ ಹಿಡಿ ಮಣ್ಣು ತಂದು ಅಣ್ಣಗೋಳಿಗೆ ತೋರಸ್ತಿದ್ದೆ. ಅವರಿಗೆ ಬರತಿದ್ದಿಲ್ಲ.’

‘ಆಮ್ಯಾಲ?’

‘ಮದುವಿ ಹಿಂದಿನ ದಿನ ಅವ್ವನ ಕಣ್ಣು ತಪ್ಪಿಸಿ ಹೋಗಿ ಇಳದು ಬಂದೆ. ಮೈಗೆ ಹಚ್ಚಿದ ಅರಿಷಿಣ ಎಲ್ಲಾ ತೊಳದು ಹೋಗಿತ್ತು. ಅವ್ವ ಬಾರಸಿದ್ಲು ನೋಡು.’

‘ಆಮ್ಯಾಲ?’

‘ಆಮ್ಯಾಲ ಏನೈತವ್ವ, ತಂಬಿಗಿ ನೀರು.’

ಅನು ನಕ್ಕಳು. ಬಸಲಿಂಗಮ್ಮ ನಗದೆ ಹುಣಸೆಬೀಜ ತೆಗೆಯುತ್ತಲೇ ಇದ್ದರು.

ಅದಾದ ಮರುವರ್ಷ ಏಪ್ರಿಲ್‌ನಲ್ಲಿ ನಾವು ಸ್ವಂತ ಮನೆ ನೋಡತೊಡಗಿದೆವು. ನೋಡಿದ್ದರಲ್ಲಿ ಒಂದು ಮಸ್ಕಿ ರಸ್ತೆಯ ಹೊಸ ಲೇಔಟಿನಲ್ಲಿತ್ತು. ಗುತ್ತಿಗೆದಾರರೊಬ್ಬರು ತಮಗೆಂದು ಕಟ್ಟಿಸಿಕೊಂಡು, ಎರಡೇ ವರ್ಷದಲ್ಲಿ ಊರು ಬಿಟ್ಟು ಹೊರಟಿದ್ದರು. ದೊಡ್ಡ ಅಡುಗೆಮನೆ, ಮೂರು ಕೋಣೆ, ಹಿತ್ತಿಲಲ್ಲಿ ನೀಲಿ ಟೈಲ್ಸಿನ ಈಜುಕೊಳ. ಆ ಕೊಳದ ಕಾರಣಕ್ಕೇ ಯಾರೂ ತೆಗೆದುಕೊಳ್ಳದೆ ಮನೆ ನಮ್ಮ ಕೈಗೆಟುಕುವ ಬೆಲೆಗೆ ಇಳಿದಿತ್ತು.

ನಮ್ಮ ಮನೆಯಲ್ಲಿ ಹದಿನೈದು ದಿನ ಬೇರೆ ಮಾತಿಲ್ಲ. ಅನುಗೆ ಆ ಮನೆ ಬಿಟ್ಟರೆ ಬೇರೆ ಬೇಡ. ಮಲ್ಲಿಕಾರ್ಜುನ ಕೊಳಕ್ಕೆ ನೀರು ಎಲ್ಲಿಂದ ತರುವುದು ಎನ್ನುತ್ತಿದ್ದ. ನಾಲ್ಕು ದಿನಕ್ಕೊಮ್ಮೆ ನಳ ನೋಡುವ ಊರಿನಲ್ಲಿ ಅಷ್ಟು ನೀರು ಈಜಲೆಂದು ತುಂಬಿಟ್ಟುಕೊಂಡರೆ ಜನ ಏನಂದಾರು ಎನ್ನುತ್ತಿದ್ದ. ಬಳಸದೆ ಬಿಟ್ಟರೆ ಸೊಳ್ಳೆ. ಸುತ್ತಲಿನ ಮಾಳಿಗೆಗಳಿಂದೆಲ್ಲ ನಮ್ಮ ಹಿತ್ತಿಲು ಕಾಣುತ್ತದೆ, ಹೆಣ್ಣುಮಕ್ಕಳು ಇಳಿಯುವುದು ಹೇಗೆ ಎಂದು ಓಣಿಯವರು ಕೇಳಿದರು. ಓಣಿ ಬಿಟ್ಟು ಅಲ್ಲಿಗೆ ಹೋದರೆ ಮಧ್ಯಾಹ್ನ ಅನು ಯಾರ ಮನೆಯಲ್ಲಿ ಇರುತ್ತಾಳೆ ಎಂಬುದು ನನ್ನ ಚಿಂತೆ. ಆದರೂ ಬೆಳಿಗ್ಗೆ ಎದ್ದರೆ ಆ ನೀಲಿ ಟೈಲ್ಸು ನನ್ನ ಕಣ್ಣಿಗೂ ಬರುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಆ ಮನೆ ಬೇಕಾಗಿತ್ತು.

ಕೊನೆಗೆ ಬಸಲಿಂಗಮ್ಮನವರನ್ನು ಕರೆದುಕೊಂಡು ಹೋದೆವು. ಓಣಿಯಲ್ಲಿ ಯಾರೇ ಮನೆ ಕೊಳ್ಳಲಿ, ಒಮ್ಮೆ ಅವರಿಗೆ ತೋರಿಸುವುದು ರೂಢಿ.

ಮನೆ ತೋರಿಸುವ ಏಜೆಂಟು ಬಾಗಿಲು ತೆಗೆದು ಪಡಸಾಲೆ, ದೇವರ ಕೋಣೆ ಎಂದು ಹೇಳುತ್ತಿದ್ದ. ಅವರು ಯಾವುದಕ್ಕೂ ನಿಲ್ಲದೆ ಹಿತ್ತಿಲಿಗೆ ಹೋದರು. ಕೊಳ ತುಂಬಿತ್ತು. ಬಿಸಿಲಿಗೆ ತಳದ ಟೈಲ್ಸು ಅಲುಗಾಡಿದಂತೆ ಕಾಣುತ್ತಿತ್ತು. ಬಸಲಿಂಗಮ್ಮ ಅಂಚಿನಲ್ಲಿ ಕೂತು ತೋಳು ಇಳಿಸಿದರು. ಬಹಳ ಹೊತ್ತು ತೆಗೆಯಲಿಲ್ಲ. ‘ಎಷ್ಟು ಆಳಪ್ಪ?’ ಎಂದು ಕೇಳಿದರು.

‘ಐದು ಅಡಿರೀ ಅಮ್ಮಾರ.’

ಅವರು ನನ್ನ ಕಡೆ ತಿರುಗಿ, ಏಜೆಂಟಿಗೆ ಕೇಳಿಸದ ಹಾಗೆ ಹೇಳಿದರು: ‘ಟೀಚರಮ್ಮ, ನೀವು ಈ ಮನಿ ತಗೊಂಡ್ರ, ಒಂದ್ಸಲ ನಾ ಇಳೀಲೇನ್ರಿ? ಯಾರೂ ಇಲ್ಲದಾಗ?’

ಅರವತ್ತರ ಹತ್ತಿರದ ಹೆಂಗಸು ಮಗುವಿನ ಹಾಗೆ ಕೇಳಿದ್ದು ಕಂಡು ನನಗೆ ನಗು ಬಂತು. ‘ಒಂದ್ಸಲ ಯಾಕ ಅಕ್ಕಾರ, ದಿನಾ ಬರ್ರಿ’ ಅಂದೆ. ಅವರ ಮುಖ ಅರಳಿದ್ದನ್ನು ನಾನು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಆಮೇಲೆ ಅವರು ಎದ್ದು ಕೊಳವನ್ನು ಒಂದು ಸುತ್ತು ಹಾಕಿದರು. ಒಂದು ಮೂಲೆಯಲ್ಲಿ ಬಗ್ಗಿ ಟೈಲ್ಸಿನ ಮೇಲೆ ನೀರು ಬಿಟ್ಟ ಗೆರೆ ನೋಡಿದರು. ಯಾವಾಗ ತುಂಬಿಸಿದ್ದು ಎಂದು ಕೇಳಿದರು. ನಿನ್ನೆ ಬೆಳಿಗ್ಗೆ ಅಂದ ಏಜೆಂಟು. ಹಿಂದಿನ ಕಾಂಪೌಂಡಿನ ಸಣ್ಣ ಗೇಟು ತೆಗೆಸಿ ಆಚೆ ಹೋಗಿ ಬಂದರು. ಹೊರಡುವಾಗ ಅಡುಗೆಮನೆಯ ಮೂಲೆಯ ಗೋಡೆಯ ಮೇಲೆ ಕೈಯಾಡಿಸಿದರು.

ಮನೆಯಲ್ಲಿ ಚಹಾ ಕೊಟ್ಟು ಮಲ್ಲಿಕಾರ್ಜುನ ಕೇಳಿದ: ‘ಏನನಸ್ತು ಅಕ್ಕಾರ?’

‘ತಗೋಬ್ಯಾಡ್ರಿ ತಮ್ಮಾ’ ಅಂದರು. ‘ನಿನ್ನೆ ತುಂಬಿದ ನೀರು ಇವತ್ತಿಗೆ ಗೇಣು ಇಳದೈತಿ. ಬಿಸಿಲಿಗೆ ಅಷ್ಟು ಹೋಗಂಗಿಲ್ಲ. ಕಾಂಪೌಂಡಿನ ಹಿಂದ ಹೋಗಿ ನೋಡಿದೆ. ಇಂಥಾ ಬ್ಯಾಸಗ್ಯಾಗ ಅಲ್ಲಿ ಹಸರು ಹುಲ್ಲು ಬೆಳದೈತಿ. ಹೊಂಡ ಸೋರಾಕತ್ತೈತ್ರಿ. ಅದು ಎರಿ ಭೂಮಿ, ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಸೀಳತೈತಿ. ಅಡಗಿಮನಿ ಮೂಲ್ಯಾಗ ಆಗ್ಲೇ ಒಂದು ಸೀಳು ಬಿಟ್ಟೈತಿ, ಅದರ ಮ್ಯಾಲ ಸುಣ್ಣ ಹೊಡದಾರ.’

ಅನು ಅಳುತ್ತ ಒಳಗೆ ಹೋದಳು. ಮಲ್ಲಿಕಾರ್ಜುನ ಮರುದಿನ ಗೊತ್ತಿದ್ದ ಇಂಜಿನಿಯರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದ. ಅವರು ಹೇಳಿದ್ದೂ ಅದನ್ನೇ.

ಮನೆ ನೋಡಿ ಬಂದ ದಿನವೇ ಬಸಲಿಂಗಮ್ಮನವರನ್ನು ಬಾಗಿಲವರೆಗೆ ಕಳಿಸಲು ಹೋದಾಗ ನಾನು ಕೇಳಿದೆ: ‘ನಿಮಗ ಇಳೀಬೇಕಂತ ಇತ್ತಲ್ರಿ ಅಕ್ಕಾರ. ಸುಮ್ಮನ ಇರಬೇಕಿತ್ತು.’

‘ನಾ ಇಳಿಯೋದು ಒಂದ್ಸಲ. ನೀವು ಅಲ್ಲಿ ಇರಾವ್ರು ದಿನಾ’ ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮನೆ ಮಾರಾಟವಾಗದೆ ಹಾಗೆಯೇ ಉಳಿಯಿತು. ಏಜೆಂಟು ವಾರಕ್ಕೊಮ್ಮೆ ಫೋನು ಮಾಡಿ, ‘ಇನ್ನೊಮ್ಮೆ ನೋಡ್ರಿ ಮೇಡಂ, ಬೀಗದ ಕೈ ನನ್ನ ಹತ್ರನೇ ಐತಿ’ ಅನ್ನುತ್ತಿದ್ದ. ಒಂದು ಮಧ್ಯಾಹ್ನಕ್ಕೆ ಆ ಬೀಗದ ಕೈ ಇಸಿದುಕೊಂಡು ಬಸಲಿಂಗಮ್ಮನವರನ್ನು ಕರೆದೊಯ್ಯಬೇಕು ಎಂದು ನನಗೆ ಹೊಳೆಯದೆ ಇರಲಿಲ್ಲ. ಗಂಡನಿಗೆ ಹೇಳಿಯೂ ಹೇಳಿದೆ.

‘ಮನಿ ಬ್ಯಾಡ ಅಂದ ಮ್ಯಾಲ ಹೊಂಡ ಅಷ್ಟ ಕೊಡ್ರಿ ಅಂತ ಹೆಂಗ ಕೇಳೋದು?’ ಅಂದ ಅವನು. ಆ ಮಾತು ನನಗೂ ಸರಿ ಅನಿಸಿತು. ಸರಿ ಅನಿಸಿದ್ದಕ್ಕಿಂತ ಹೆಚ್ಚಾಗಿ ಹಗುರ ಅನಿಸಿತು. ಒಂದು ಮುಜುಗರ ತಪ್ಪಿತಲ್ಲ ಎಂದು. ಬಸಲಿಂಗಮ್ಮ ಮತ್ತೊಮ್ಮೆ ಆ ವಿಷಯ ಎತ್ತಲಿಲ್ಲ.

ಜೂನ್‌ನಲ್ಲಿ ನನಗೆ ಲಿಂಗಸುಗೂರಿಗೆ ವರ್ಗವಾಯಿತು. ಹೊರಡುವ ದಿನ ಅವರು ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟು, ಲಾರಿಯ ಹಿಂದೆ ಓಣಿಯ ತುದಿಯವರೆಗೆ ನಡೆದು ಬಂದರು. ಲಿಂಗಸುಗೂರಿನಲ್ಲಿ ನಮಗೆ ಬೇರೆ ಬಾಡಿಗೆ ಮನೆ ಸಿಕ್ಕಿತು, ಚೆನ್ನಾಗಿಯೇ ಇತ್ತು. ಆದರೆ ಗೋಡೆಯ ಆಚೆ ಯಾರಿದ್ದಾರೆಂದು ತಿಳಿಯಲು ಮೂರು ತಿಂಗಳು ಬೇಕಾಯಿತು. ಮೊದಮೊದಲು ವಾರಕ್ಕೊಮ್ಮೆ ಅವರಿಗೆ ಫೋನು ಮಾಡುತ್ತಿದ್ದೆ. ಆಮೇಲೆ ಹಬ್ಬಕ್ಕೊಮ್ಮೆ.

ಎರಡನೆಯ ವರ್ಷದ ಚಳಿಗಾಲದಲ್ಲಿ ಶರಣಪ್ಪನವರ ಫೋನು ಬಂತು. ‘ಆಕಿಗೆ ಲಕ್ವಾ ಹೊಡದೈತ್ರಿ’ ಎಂದಷ್ಟೇ ಹೇಳಿ ಇಟ್ಟರು. ಭಾನುವಾರ ಬಸ್ಸು ಹತ್ತಿದೆ. ಮಸ್ಕಿ ದಾಟಿ ಸಿಂಧನೂರು ಹತ್ತಿರವಾದಾಗ ಕಿಟಕಿಯಿಂದ ಆ ಲೇಔಟು ಕಂಡಿತು. ಮನೆಗೆ ಬೇರೆ ಬಣ್ಣ ಬಂದಿತ್ತು. ಕಾಂಪೌಂಡಿನ ಹಿಂದಿನ ಗೋಡೆ ಕೆಡವಿದ್ದರು. ಕೊಳ ಇದ್ದಲ್ಲಿ ಗರಸು ಮಣ್ಣು ತುಂಬಿ, ಮೇಲೆ ಒಂದು ಕಾರು ನಿಲ್ಲಿಸಿದ್ದರು.

ಬಸಲಿಂಗಮ್ಮ ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಮಾತು ತಿಳಿಯಲು ನಾನು ಮುಖದ ಹತ್ತಿರ ಬಗ್ಗಬೇಕಾಯಿತು. ಅನು ಹೇಗಿದ್ದಾಳೆ, ಎಷ್ಟು ಎತ್ತರವಾಗಿದ್ದಾಳೆ ಎಂದು ಕೇಳಿದರು. ಆಮೇಲೆ, ‘ಆ ಮನಿ ಯಾರರ ತಗೊಂಡ್ರೇನ್ರಿ?’ ಎಂದರು.

ಇಲ್ಲ ಎನ್ನಬಹುದಿತ್ತು. ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ‘ತಗೊಂಡಾರ್ರಿ. ಹೊಂಡ ಮುಚ್ಚಿಸ್ಯಾರ’ ಅಂದೆ. ನಾನು ಅಳತೊಡಗಿದ್ದೆ. ‘ಅವತ್ತ ನಾ ಬೀಗದ ಕೈ ಇಸ್ಕೋಬೇಕಾಗಿತ್ತು ಅಕ್ಕಾರ. ಕೇಳಿದ್ರ ಕೊಡ್ತಿದ್ದ. ನಾ ಕೇಳಲಿಲ್ಲ.’

ಅವರು ಎಡಗೈಯಿಂದ ನನ್ನ ಮುಂಗೈ ಹಿಡಿದರು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಹೇಳಿದರು: ‘ನೀವು ಇಸ್ಕೊಂಡು ಬಂದಿದ್ರೂ ನಾ ಇಳೀತಿದ್ದಿಲ್ಲ ಬಿಡ್ರಿ. ಆಡಿದ ಮಾತು ಅಷ್ಟ. ಅಷ್ಟು ನೀರು ನೋಡಿ ನನಗ ಹೆದರಿಕಿ ಬಂದಿತ್ತು.’

ನಾನು ಹೂಂ ಅಂದೆ. ಹಾಗೆ ಅಂದುಕೊಂಡೇ ಬಸ್ಸು ಹತ್ತಿದೆ. ಎರಡು ತಿಂಗಳು ಆ ಮಾತನ್ನು ನಂಬಲು ಪ್ರಯತ್ನಪಟ್ಟೆ, ಒಮ್ಮೊಮ್ಮೆ ನಂಬಿದ್ದೂ ಉಂಟು.

ಮಾರ್ಚಿನಲ್ಲಿ ನಾನು ಪರೀಕ್ಷಾ ಕೊಠಡಿಯಲ್ಲಿದ್ದಾಗ ಅವರು ತೀರಿಕೊಂಡರು. ಫೋನು ನೋಡಿದ್ದು ಸಂಜೆ. ಮಣ್ಣಿಗೆ ಹೋಗಲಾಗಲಿಲ್ಲ. ಮೂರನೆಯ ದಿನ ಹೋದೆ. ಅವರ ಮಗಳು ಒಳಗೆ ಬಂದವರನ್ನು ಮಾತಾಡಿಸುತ್ತಿದ್ದಳು. ಶರಣಪ್ಪನವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾನೂ ಹೋಗಿ ಕೂತೆ. ಅಷ್ಟು ವರ್ಷಗಳಲ್ಲಿ ಅವರು ನನ್ನೊಂದಿಗೆ ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಹತ್ತು ನಿಮಿಷವೂ ಆಗುತ್ತಿರಲಿಲ್ಲ. ಅವತ್ತು ತಾವಾಗಿಯೇ ಮಾತೆತ್ತಿದರು.

‘ಟೀಚರಮ್ಮಾರ, ನೀವು ಲಿಂಗಸುಗೂರಿಗೆ ಹೋದ ಮ್ಯಾಲ, ಮುಂದಿನ ಬ್ಯಾಸಗ್ಯಾಗ, ಆಕಿ ಒಬ್ಬಾಕಿನ ಆಟೋ ಮಾಡ್ಕೊಂಡು ಆ ಹೊಂಡದ ಮನಿಗೆ ಹೋಗಿದ್ಲು.’

ನಾನು ಅವರ ಮುಖ ನೋಡಿದೆ.

‘ಗೇಟಿಗೆ ಬೀಗ ಇತ್ತಂತ. ಒಂದಿಷ್ಟು ಹೊತ್ತು ನಿಂತು ಹೊಳ್ಳಿ ಬಂದ್ಲು. ನಿಮಗ ಹೇಳಬ್ಯಾಡ ಅಂದಿದ್ಲು, ಬ್ಯಾಸರ ಮಾಡ್ಕೋತಾರ ಅಂತ. ನಾನೂ ಹೇಳಲಿಲ್ಲ.’

ಒಳಗಿನಿಂದ ಯಾರೋ ಅವರನ್ನು ಕರೆದರು. ಅವರು ಏಳಲಿಲ್ಲ.

‘ಚೀಲದಾಗ ಒಂದು ಒಣ ಸೀರಿ, ಟವೆಲ್ಲು ಇಟ್ಕೊಂಡು ಹೋಗಿದ್ಲುರಿ’ ಎಂದರು. ‘ಮಡಚಿದ್ದು ಮಡಚಿದ್ಹಂಗ ವಾಪಸ್ ತಂದು ಕಪಾಟಿನಾಗ ಇಟ್ಲು.’