ದಾಸಯ್ಯ ತೆಗೆದ ಸಂಕ

ಕಳಸದ ಆಚೆ ಹಳ್ಳದ ದಡದಲ್ಲಿದ್ದ ಹತ್ತಾರು ಮನೆಗಳಿಗೆ ದಾಸಯ್ಯ ಬೇಕೇ ಬೇಕು. ಮಳೆ ಹಿಡಿಯುವ ಮೊದಲು ಗಟ್ಟಿ ಮರವೊಂದನ್ನು ಹಳ್ಳಕ್ಕೆ ಅಡ್ಡ ಹಾಕಿ, ಕೈಹಿಡಿಗೆ ಬಿದಿರು ಕಟ್ಟಿ ಸಂಕ ಮಾಡುತ್ತಿದ್ದವನು ಅವನೇ. ಉಳಿದಂತೆ ಕಾಫಿ ತೋಟದಲ್ಲಿ ಆಳು.

ಒಂದು ಮಳೆಗಾಲ ಆ ಸಂಕದಿಂದಲೇ ಅವನ ಹೆಂಡತಿ ಅಣ್ಣಮ್ಮ ಜಾರಿ ಬಿದ್ದಳು. ಮುರಿದ ಕಾಲು ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಗಂಡನ ಬೆನ್ನೇ ಗತಿ. ಸಿಮೆಂಟಿನ ಸೇತುವೆ ಒಂದಾದರೆ ಅವಳು ಕೋಲೂರಿಕೊಂಡು ತಾನೇ ದಾಟಿಯಾಳು ಎಂದು ದಾಸಯ್ಯ ಅರ್ಜಿ ಹಾಕಿದ. ಬಂದ ಇಂಜಿನಿಯರು ಸಂಕ ನೋಡಿ, ‘ಸಾರ್ವಜನಿಕರಿಗೆ ಈಗಾಗಲೇ ಅನುಕೂಲವಿದೆ’ ಎಂದು ಬರೆದು ಹೋದರು. ಎಂಥ ಅನುಕೂಲವೋ! ಅಣ್ಣಮ್ಮನನ್ನು ಕೇಳಬೇಕಿತ್ತು.

ಮಂಡಲ ಪಂಚಾಯಿತಿ ಬಂದ ಹೊಸತರಲ್ಲಿ ಮತ್ತೆ ಅರ್ಜಿ. ಆಷಾಢದ ಮಳೆಯಲ್ಲಿ ಮೆಂಬರು ತಯ್ಯಬ್ ಕೊಡೆ ಹಿಡಿದು ಬಂದು, "ಬರೋ ವಾರ ಇಂಜಿನಿಯರ್ರು ಬರ್ತಾರೆ ದಾಸಯ್ಯ" ಎಂದ.

ಈ ಸಲ ದಾಸಯ್ಯನ ತಲೆ ಓಡಿತು. "ಸಂಕ ಕಂಡ್ರೆ ಮತ್ತೆ ಅದನ್ನೇ ಬರೀತಾರೆ. ತೆಗ್ದು ಬಿಡ್ತೀನಿ."

"ಮಳೆಗಾಲದಲ್ಲಿ ಸಂಕ ತೆಗಿಯೋದಾ? ತಲೆ ನೆಟ್ಟಗಿದ್ಯಾ ಮಾರಾಯ?" ಎಂದಳು ಪಕ್ಕದ ಮನೆಯ ಮುತ್ತಮ್ಮ.

"ಒಂದೇ ವಾರ, ತಡ್ಕೊ."

ಆ ವಾರ ಮುಗಿಯಲೇ ಇಲ್ಲ. ಒಮ್ಮೆ ಜೀಪು ಕೆಟ್ಟಿತ್ತು, ಒಮ್ಮೆ ಮೀಟಿಂಗು, ಆಮೇಲೆ ಇಂಜಿನಿಯರಿಗೇ ವರ್ಗ. ಜನ ಗುಡ್ಡದ ಮೇಲಿನ ಎಸ್ಟೇಟ್ ರಸ್ತೆಯಲ್ಲಿ ಸುತ್ತಿಕೊಂಡು, ದಾಸಯ್ಯನಿಗೆ ಶಾಪ ಹಾಕುತ್ತಾ ಓಡಾಡಿದರು. ಅವನೂ ಹೆಂಡತಿಯನ್ನು ಹೊತ್ತು ಆ ಗುಡ್ಡ ಹತ್ತಿ ಇಳಿದು ಸೊಂಟ ಹಾಳು ಮಾಡಿಕೊಂಡ. ಸಂಕ ಹಾಕಿಬಿಡೋಣವೆಂದರೆ, ಇಂಜಿನಿಯರು ನಾಳೆಯೇ ಬಂದುಬಿಟ್ಟರೆ?

ದೀಪಾವಳಿ ಕಳೆದ ಮೇಲೆ ಹೊಸ ಇಂಜಿನಿಯರು ಬಂದರು. ಹಳ್ಳಕ್ಕಿಳಿಯುವ ಕಾಲುದಾರಿಯ ತುಂಬ ಸೊಂಟದೆತ್ತರ ಹುಲ್ಲು ಬೆಳೆದು ನಿಂತಿತ್ತು.

"ಇಲ್ಲಿ ಯಾರ್ರೀ ಓಡಾಡ್ತಾರೆ? ದಾರೀನೇ ಇಲ್ವಲ್ಲ!"

ದಾಸಯ್ಯ ಹುಲ್ಲು ಸರಿಸುತ್ತಾ ಮುಂದೆ ಬಂದ. "ಎಲ್ರೂ ಓಡಾಡ್ತಿದ್ವಿ ಸ್ವಾಮಿ. ಸಂಕ ಇತ್ತು, ನಾನೇ ತೆಗ್ದು ಆ ಬಿದಿರುಮೆಳೆ ಹಿಂದೆ ಇಟ್ಟಿದೀನಿ."

"ಸಂಕ ಇದ್ಯಾ? ಮತ್ತೆ ಸೇತುವೆ ಯಾಕೆ? ಅದನ್ನೇ ಹಾಕ್ಕೊಳ್ಳಿ."

ಜೀಪು ಹೊರಟುಹೋಯಿತು. ತಯ್ಯಬ್ ಏನೋ ಸಮಾಧಾನ ಹೇಳಲು ಬಂದರೆ ದಾಸಯ್ಯ ಬಿದಿರುಮೆಳೆಯ ಕಡೆ ನಡೆದುಬಿಟ್ಟ. ಅವನಿಗೆ ಇಂಜಿನಿಯರ ಮೇಲೆ ಎಷ್ಟು ಸಿಟ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು.

ಮರುದಿನ ನಾಲ್ಕು ಜನರನ್ನು ಕೂಡಿಕೊಂಡು ಸಂಕ ಹಾಕಿದ. ಅಣ್ಣಮ್ಮನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಹೊರಟ. ನಡುಸಂಕಕ್ಕೆ ಬರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿ, ಆಫೀಸು, ಜೀಪು, ಇಂಜಿನಿಯರು, ಯಾರನ್ನೂ ಬಿಡದೆ ಬೈಯತೊಡಗಿದ.

ಅಣ್ಣಮ್ಮ ಅವನ ಕೊರಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. "ಆಚೆ ದಡಕ್ಕೆ ಹೋಗಿ ಬೈರಿ ಮಾರಾಯ್ರೆ. ಈಗ ಕಾಲು ನೋಡಿ ಇಡಿ."