ಮಾಳಮ್ಮನ ಕಾಲು, ಪ್ರಹ್ಲಾದರ ಕಣ್ಣು

ಕೆಂಪು ಟ್ರ್ಯಾಕ್‌ಸೂಟ್ ತೊಟ್ಟುಕೊಂಡು ವಾಡಿ ಜಂಕ್ಷನ್ನಿನಲ್ಲಿ ನಿಲ್ಲಬಾರದು ಎಂಬ ತಿಳುವಳಿಕೆ ಪ್ರಹ್ಲಾದ ಮಾಸ್ತರರಿಗೆ ತಲೆ ಅರ್ಧ ನರೆತ ಮೇಲೂ ಬಂದಿರಲಿಲ್ಲ. ಎದೆಯ ಮೇಲೆ ತಂಡದ ಹುಲಿಯ ಚಿತ್ರವಿತ್ತು. ಹೊಟ್ಟೆಯ ದೆಸೆಯಿಂದ ಆ ಹುಲಿ ಉಂಡು ಮಲಗಿದ ಬೆಕ್ಕಿನಂತೆ ಅಗಲವಾಗಿ ಕಾಣುತ್ತಿತ್ತು. ಸೇಡಂ ಕಡೆಯ ಪ್ಯಾಸೆಂಜರ್ ಗಾಡಿಗಾಗಿ ಅವರು ಕೈಕಟ್ಟಿ, ಗಂಭೀರವಾಗಿ, ನಾಲ್ಕು ಜನ ನೋಡಲಿ ಎಂಬಂತೆ ನಿಂತಿದ್ದರು. ನಾಲ್ಕು ಜನರೇನೂ ನೋಡಲಿಲ್ಲ. ಒಬ್ಬ ಮುದುಕಿ ನೋಡಿದಳು. ನೆಟ್ಟಗೆ ಬಂದು ಅವರ ಹೆಗಲಿಗೆ ಒಂದು ಚೀಲ ಏರಿಸಿದಳು.

"ನಡಿ ತಮ್ಮಾ, ಆ ಕಡಿ ಪ್ಲಾಟ್‌ಫಾರ್ಮಿಗಿ. ಗಾಡಿ ಬರೂ ಹೊತ್ತಾತು."

"ಅಮ್ಮಾ, ನಾ ಹಮಾಲ ಅಲ್ರಿ."

"ಮತ್ತ ಕೆಂಪಂಗಿ ಯಾಕ ಹಾಕ್ಕೊಂಡೀದಿ?"

ಈ ಪ್ರಶ್ನೆಗೆ ಮಾಸ್ತರರ ಬಳಿ ಉತ್ತರವಿತ್ತು, ಆದರೆ ಅದು ಉದ್ದವಾಗಿತ್ತು. ಅದನ್ನು ಹೇಳಿ ಮುಗಿಸುವುದಕ್ಕಿಂತ ಚೀಲ ಹೊರುವುದೇ ಸುಲಭವೆನಿಸಿ ಮೇಲ್ಸೇತುವೆಯ ಮೆಟ್ಟಿಲು ಹತ್ತಿದರು. ಅರ್ಧ ದಾರಿಯಲ್ಲಿ ಉಸಿರು ಸಿಕ್ಕಿಕೊಂಡು, ಇದರೊಳಗೆ ಏನಿದೆ ತಾಯಿ ಎಂದು ಕೇಳಿದರು.

"ಪರಸಿ ಕಲ್ಲಪಾ, ನೆಲಕ್ಕ ಹಾಸೂದು. ಶಹಾಬಾದದಾಗ ನಮ್ಮ ಅಳಿಯ ದಶರಥ ಪಾಲಿಶ್ ಕೆಲಸ ಮಾಡ್ತಾನ. ದೇವರ ಜಗಲಿಗಿ ಒಂದು ತುಂಡ ಕೊಟ್ಟಾನ. ಹಗೂರ ಹೋಗು, ಮೂಲಿ ಒಡದೀತು."

ಮೂಲೆ ಒಡೆಯಲಿಲ್ಲ. ಎದುರಿಗೆ ಇಳಿದು ಬರುತ್ತಿದ್ದ ತಮ್ಮದೇ ಶಾಲೆಯ ಹೆಡ್ ಮಾಸ್ತರರು ಮಾತ್ರ ಒಂದು ಕ್ಷಣ ನಿಂತು, ಏನೋ ಕೇಳಲು ಬಾಯಿ ತೆರೆದು, ದೊಡ್ಡ ಮನಸ್ಸು ಮಾಡಿ ಮುಂದೆ ಹೋದರು. ಆಚೆ ತಲುಪಿದಾಗ ಮುದುಕಿ ಸೆರಗಿನ ಗಂಟು ಬಿಚ್ಚಿ ಒಂದು ಶೇಂಗಾ ಹೋಳಿಗೆ ಕೊಟ್ಟಳು. ಪ್ರಹ್ಲಾದ ಮಾಸ್ತರರು ಅದನ್ನು ತಿರಸ್ಕರಿಸಬೇಕೆಂದುಕೊಂಡರು. ತಿಂದರು. ಚೆನ್ನಾಗಿತ್ತು.

ಇಷ್ಟಕ್ಕೂ ಅವರು ವಾಡಿಯಲ್ಲಿ ಮನೆ ಮಾಡಿಕೊಂಡಿದ್ದ, ಚಿತ್ತಾಪುರದ ಪ್ರೌಢಶಾಲೆಯ ದೈಹಿಕ ಶಿಕ್ಷಕರು. ಅಪ್ಪ, ಅಜ್ಜ ಎಲ್ಲ ಗುಡಿಯ ಪೂಜೆ ಮಾಡಿಕೊಂಡವರು. ಇವರೊಬ್ಬರೇ ಕಬಡ್ಡಿಯ ಬೆನ್ನು ಹತ್ತಿ ಕಾಲೇಜು ತಂಡ ಸೇರಿದವರು. ಅಲ್ಲಿ ಅವರು ಆಡಿದ್ದಕ್ಕಿಂತ ಆಡುವವರ ಅಂಗಿ ಕಾಯ್ದದ್ದೇ ಹೆಚ್ಚು. ಆದರೆ ಅಂಗಿ ಕಾಯುವವನಿಗೆ ಆಟ ಪೂರ್ತಿ ಕಾಣುತ್ತದೆ ಎಂಬುದು ಅವರ ವಾದ. ಬೆಂಗಳೂರಿನ ಒಂದು ವೃತ್ತಿಪರ ಮಹಿಳಾ ತಂಡದ ತರಬೇತುದಾರ ಸುರೇಶಕುಮಾರರು ಅದನ್ನು ಹೇಗೋ ಒಪ್ಪಿ, ಈ ಭಾಗದ ಕಾಲೇಜು ಹುಡುಗಿಯರನ್ನು ನೋಡಿ ವರ್ಷಕ್ಕೊಂದು ಹೆಸರು ಹೇಳುವ ಕೆಲಸ ಕೊಟ್ಟಿದ್ದರು. ಆ ಹೆಸರಿನವಳು ಶಿಬಿರಕ್ಕೆ ಹೋಗಬೇಕು, ಅಲ್ಲಿ ಗೆದ್ದರೆ ಆಟಗಾರರ ಹರಾಜಿಗೆ. ಕೆಲಸದ ಜೊತೆ ಬಂದದ್ದೇ ಈ ಟ್ರ್ಯಾಕ್‌ಸೂಟ್. ಅದನ್ನು ಮಾಸ್ತರರು ಸತ್ಯನಾರಾಯಣ ಪೂಜೆಗೂ ಹಾಕಿಕೊಂಡು ಕೂತು, ಹೆಂಡತಿ ಶಾರದಾಬಾಯಿಯ ಕೈಯಲ್ಲಿ ಪುರೋಹಿತರ ಮುಂದೆಯೇ ಬೈಸಿಕೊಂಡಿದ್ದರು.

ಹೋದ ವರ್ಷ ಅವರು ಹೆಸರು ಹೇಳಿದ್ದ ಹುಡುಗಿ ಕಂಬದಂತೆ ನಿಲ್ಲುವವಳು. ಬೆಂಗಳೂರಿನಲ್ಲಿ ಜೋಳದ ರೊಟ್ಟಿ ಸಿಗಲಿಲ್ಲವೆಂದು ವಾರದೊಳಗೆ ಕಂಬ ಕಿತ್ತುಕೊಂಡು ಊರಿಗೆ ಬಂದಿತ್ತು. ಸುರೇಶಕುಮಾರರು ಫೋನಿನಲ್ಲಿ ತಣ್ಣಗೆ ಹೇಳಿದ್ದರು: "ಈ ಸಲವೂ ಹೀಗಾದ್ರೆ ಟ್ರ್ಯಾಕ್‌ಸೂಟ್ ಇಸ್ತ್ರಿ ಮಾಡಿಸಿ ವಾಪಸ್ ಕಳಿಸಿಬಿಡಿ. ಆ ಕಡೆಯಿಂದ ಇನ್ನು ಯಾರನ್ನೂ ನೋಡೋದು ಬೇಡ."

ಈ ಸಲದ ಹೆಸರು ಮಾಳಮ್ಮ. ಸೇಡಂ ಕಾಲೇಜಿನ ಕೊನೆಯ ವರ್ಷದ ಬಿ.ಎ. ಹುಡುಗಿ, ರೈಡರ್, ಅಂದರೆ ಎದುರು ಪಾಳಯಕ್ಕೆ ಒಬ್ಬಳೇ ನುಗ್ಗಿ ಮುಟ್ಟಿ ಬರುವವಳು. ಹುಟ್ಟಿದ್ದು ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಕೆರೆಯ ಮಗ್ಗುಲ ಹಳ್ಳಿಯಲ್ಲಿ. ಹೈಸ್ಕೂಲು ಓದಿದ್ದು ಶಹಾಬಾದದ ಸೋದರತ್ತೆಯ ಮನೆಯಲ್ಲಿ. ಹೀಗಾಗಿ ಎಲ್ಲ ಊರಿನವರೂ ಅವಳನ್ನು ತಮ್ಮವಳೆನ್ನುತ್ತಿದ್ದರು, ಮತ್ತು ಅವಳ ವೇಗಕ್ಕೆ ತಮ್ಮೂರನ್ನೇ ಕಾರಣ ಮಾಡುತ್ತಿದ್ದರು. ಕಾಡುಹಂದಿ ಅಟ್ಟಿಸಿ ಅಟ್ಟಿಸಿ ಬಂದ ಕಾಲು ಎಂದು ಚಿಂಚೋಳಿಯವರು. ಪಾಲಿಶ್ ಮಾಡಿದ ಒದ್ದೆ ಕಲ್ಲಿನ ಮೇಲೆ ಜಾರದೆ ನಡೆದು ಕಲಿತದ್ದು ಎಂದು ಶಹಾಬಾದದವರು. ವಾಡಿಯವರಿಗೆ ಅವಳ ಮೇಲೆ ಯಾವ ಹಕ್ಕೂ ಇರಲಿಲ್ಲ. ಆದರೂ ತಮ್ಮ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಓಡಿ ಓಡಿಯೇ ಹುಡುಗಿ ತಯಾರಾದಳೆಂದು ಚಹಾದ ಅಂಗಡಿಯ ಹಾಜಿಸಾಬ ಮಾಸ್ತರರಿಗೆ ಆಣೆ ಮಾಡಿ ಹೇಳಿದ್ದ.

ಅಂದು ಸೇಡಂನಲ್ಲಿ ಶಹಾಬಾದ ಕಾಲೇಜಿನ ತಂಡದ ಎದುರು ಅಂತಿಮ ಪಂದ್ಯ. ಮೈದಾನಕ್ಕೆ ಬಂದ ಮಾಸ್ತರರು ಮೊದಲು ಮಾಳಮ್ಮನನ್ನೇ ವಿಚಾರಿಸಿದರು.

"ಏನವಾ, ನಿನ್ನ ಸ್ಪೀಡಿಗಿ ಕಾಡುಹಂದಿ ಕಾರಣಂತಲ್ಲ, ಖರೇನಾ?"

"ಇಲ್ರಿ."

"ಮತ್ತ ಪರಸಿ ಕಲ್ಲು?"

"ಇಲ್ರಿ."

"ಮತ್ತ ಹೆಂಗ ಬಂತು?"

"ಓಡ್ತೀನ್ರಿ."

ಕಾಲೇಜಿನ ತರಬೇತುದಾರಳು ಶುಭಾ ನಕ್ಕಳು. "ಅಷ್ಟಽ ರೀ ಸರ್. ಗೆರಿ ದಾಟಿದ ಮ್ಯಾಲೆ ಕಬಡ್ಡಿ ಕಬಡ್ಡಿ ಅಂತ ಬಾಯಿ ಮುಚ್ಚಂಗಿಲ್ಲ. ಈ ಕಡಿ ಬಂದ್ಲಂದ್ರ ಬಾಯಿ ತೆಗಿಯಂಗಿಲ್ಲ. ವರ್ಷದ ಮಾತೆಲ್ಲ ಅಲ್ಲೇ ಖರ್ಚು."

ಆಟ ಶುರುವಾಯಿತು. ಮಾಸ್ತರರು ಕಣ್ಣು ಕಿರಿದು ಮಾಡಿದರು. ಆಳು ಸಣ್ಣವಳು, ದೊಡ್ಡ ಆಟದಲ್ಲಿ ಹಿಡಿದರೆ ಬಿಡಿಸಿಕೊಳ್ಳುವಳೋ ಇಲ್ಲವೋ. ಬಲಕ್ಕೆ ತಿರುಗುವಾಗ ಗಾಳಿ, ಎಡಕ್ಕೆ ತಿರುಗುವಾಗ ಎತ್ತಿನ ಬಂಡಿ. ಎದುರಾಳಿಗಳೂ ಅಂಥ ಬಲಾಢ್ಯರೇನಲ್ಲ. ಇವರ ಮೇಲೆ ಗೆದ್ದವಳು ಬೆಂಗಳೂರಿನಲ್ಲಿ ಗೆಲ್ಲುವಳೆಂದು ಹೇಳುವುದು ಹೇಗೆ? ಆದರೆ ಕಣ್ಣು! ಏಳು ಜನರ ನಡುವೆ ಇನ್ನೂ ತೆರೆಯದ ಸಂದನ್ನು ಮೊದಲೇ ಕಂಡು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದಳು. ಉಸಿರೋ, ಹಿಟ್ಟಿನ ಗಿರಣಿಯ ಬೆಲ್ಟು. ಹರಿಯುವ ಮಾತೇ ಇಲ್ಲ.

ಅಷ್ಟರಲ್ಲಿ ಒಂದು ಅದ್ಭುತ ನಡೆಯಿತು. ಮಾಳಮ್ಮ ಕಾಲು ಚಾಚಿ ಶಹಾಬಾದದ ನಾಯಕಿ ನೀಲಾಬಾಯಿಯ ಪಾದ ತಾಗಿಸಿದಳು. ತಕ್ಷಣ ಓಡಿ ಬರಬೇಕಾದವಳು ಫಕ್ಕನೆ ಬಗ್ಗಿದಳು. ಅವಳ ಸೊಂಟ ಹಿಡಿಯಲು ಹಾರಿದ ನೀಲಾಬಾಯಿ ಬೆನ್ನ ಮೇಲಿಂದ ಹಾದು ತನ್ನ ಗೆಳತಿಯರಿಬ್ಬರ ಮೇಲೆ ಬಿದ್ದಳು. ಮಾಳಮ್ಮ ಎದ್ದು ಸಂತೆಯಿಂದ ಮನೆಗೆ ಬರುವವಳಂತೆ ತನ್ನ ಪಾಳಯಕ್ಕೆ ಬಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ. ಮತ್ತೊಮ್ಮೆ ಹಾಗೆಯೇ. ಹಾರಿದವರೆಲ್ಲ ಒಬ್ಬರ ಮೇಲೊಬ್ಬರು ಬಣವೆ.

ಮಾಸ್ತರರಿಗೆ ಟ್ರ್ಯಾಕ್‌ಸೂಟ್ ಒಳಗೇ ರೋಮಾಂಚನವಾಯಿತು. ಸುರೇಶಕುಮಾರರಿಗೆ ಫೋನು ಹಚ್ಚಿದರು. "ಸರ್! ಡುಬ್ಕಿ ಸರ್! ಹಿಡಿಯೂ ಕೈ ಕೆಳಗ ನುಸುಳೂದು! ನನ್ನ ಜನ್ಮದಾಗ ಇಂಥ ಡುಬ್ಕಿ ನೋಡಿಲ್ರಿ!"

"ಈಗ ಬರೆದುಕೊಳ್ಳಲಾ ಹೆಸರು?"

"ಬರ್ಕೋರಿ!" ಎಂದು ಕೂಗಿ ಫೋನಿಟ್ಟಾಗ ಪಕ್ಕದಲ್ಲಿ ಶುಭಾ ಹಣೆ ಒತ್ತಿಕೊಳ್ಳುತ್ತಿದ್ದಳು.

"ಸರ್, ಅದು ಡುಬ್ಕಿ ಅಲ್ರಿ. ಅಕಿ ಕೈ ನೋಡ್ರಿ."

ಮಾಸ್ತರರು ನೋಡಿದರು. ಮಾಳಮ್ಮ ಬಗ್ಗಿ, ತನ್ನ ಕಾಲು ತಾಗಿದವಳನ್ನು ಕೈಯಿಂದ ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಾಗಿದರೆ ಯಾರೇ ಆಗಲಿ ಮಾಡುವ ನಮಸ್ಕಾರ. ಮಾಸ್ತರರು ದಿನಕ್ಕೆ ಹತ್ತಾರು ಸಲ, ಕೆಲವೊಮ್ಮೆ ಬೆಕ್ಕಿಗೂ ಮಾಡುವ ನಮಸ್ಕಾರ. ಗುಡಿಯ ಮನೆಯಲ್ಲಿ ಹುಟ್ಟಿಯೂ ಅದನ್ನವರು ಡುಬ್ಕಿ ಎಂದಿದ್ದರು!

"ಸಣ್ಣಾಕಿದ್ದಾಗಿಂದ ಅವರ ಆಯಿ ಕಲಿಸ್ಯಾರಂತ್ರಿ," ಎಂದಳು ಶುಭಾ. "ಬ್ಯಾಡಂತ ಹೇಳಿ ಹೇಳಿ ನನ್ನ ಗಂಟಲ ಹರೀತು. ಹ್ಞೂಂ ಅಂತಾಳ, ಹೋಗಿ ಅದನ್ನೇ ಮಾಡ್ತಾಳ. ಈ ಶಹಾಬಾದದವರಿಗಿನ್ನೂ ಗೊತ್ತಾಗಿಲ್ಲ. ಗೊತ್ತಾದ ದಿನ ನಮ್ಮ ಕಥಿ ಮುಗೀತು."

ಆ ದಿನ ಅಂದೇ ಆಗಿತ್ತು. ನೀಲಾಬಾಯಿಯೂ ಬಸ್ಸಿನಲ್ಲಿ ಓಡಾಡುವವಳೇ. ಮುಂದಿನ ಸಲ ಅವಳು ಹಾರಲಿಲ್ಲ. ಕಾಲು ತಾಗಿಸಿಕೊಂಡು ಸುಮ್ಮನೆ ಕಾದಳು. ಮಾಳಮ್ಮ ಭಕ್ತಿಯಿಂದ ಬಗ್ಗಿದಾಗ ಎಲ್ಲರೂ ಸೇರಿ ಅವಳನ್ನು ಹಾಸಿಗೆಯಂತೆ ಸುತ್ತಿಟ್ಟರು. ಅಂಕಗಳು ಶಹಾಬಾದದ ಕಡೆ ಹೊರಳಿದವು. ವಿರಾಮದ ಸೀಟಿ ಆದಾಗ ಮಾಸ್ತರರ ಕಣ್ಣಿಗೆ ಇಸ್ತ್ರಿಯಾದ ಟ್ರ್ಯಾಕ್‌ಸೂಟ್ ಮಡಿಸಿಟ್ಟಂತೆ ಕಂಡಿತು.

"ಏ ತಮ್ಮಾ! ನೀನೂ ಇಲ್ಲೇ ಬಂದೀಯಾ? ಇಲ್ಲೇನ್ ಹೊರೂದದ?"

ಕಲ್ಲಿನ ಮುದುಕಿ! ಹಿಂದೆಯೇ ಬಂದ ಮಾಳಮ್ಮ ಅವಳನ್ನು "ಆಯಿ" ಎಂದಾಗ, ಅಂದರೆ ಅಜ್ಜಿ ಎಂದಾಗ, ಮಾಸ್ತರರ ಹೆಗಲು ಮತ್ತೊಮ್ಮೆ ನೊಂದಿತು. ಆದರೆ ನಾಚಿಕೆಗೆ ಸಮಯವಿರಲಿಲ್ಲ. ಅವರು ಹಣಮವ್ವ ಎಂಬ ಆ ಮುದುಕಿಯನ್ನು ಕುರ್ಚಿಯಲ್ಲಿ ಕೂಡಿಸಿ, ತಾವು ಹಮಾಲರಲ್ಲವೆಂಬುದನ್ನು ಮೊದಲು, ಉಳಿದದ್ದನ್ನು ಆಮೇಲೆ ವಿವರಿಸಿದರು.

"ಹರಾಜಾ?" ಹಣಮವ್ವ ಎದ್ದೇಬಿಟ್ಟಳು. "ಎಮ್ಮಿ ಹರಾಜು ಹಾಕ್ತಾರ. ನಮ್ಮ ಹುಡುಗಿ ಏನ್ ಮಾಡ್ಯಾಳ?"

"ಮರ್ಯಾದಿ ಹರಾಜು ಆಯಿ! ಎಷ್ಟು ಏರತದೋ ಅಷ್ಟು ಹೆಸರು. ಆದ್ರ ಅದಕ್ಕ ಅಕಿ ಆಟದಾಗ ನಮಸ್ಕಾರ ಬಿಡಬೇಕು."

"ಕಾಲು ತಾಗಿಸಿ ಹಂಗೇ ಓಡಿ ಬರೂದಾ? ದನಾ ಏನು?"

ಮಾಸ್ತರರು ವಂಶದ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿದರು. "ಆಯಿ, ಗುಡಿಯಾಗ ಗದ್ದಲ ಇದ್ದಾಗ ಒಂದೊಂದು ದೇವರ ಮುಂದ ಅಡ್ಡ ಬೀಳ್ತೀವೇನು? ಮಂದಿ ತುಳೀತಾರ. ಹೊರಗ ಬಂದು ಎಲ್ಲಾ ದೇವರಿಗೂ ಕೂಡಿ ಕೈ ಮುಗೀತೀವಿ. ಹಂಗ ಆಟ ಮುಗಿದ ಮ್ಯಾಲೆ ಕೂಡೇ ಮಾಡಲಿ."

ಹಣಮವ್ವ ಎಲೆಯಡಿಕೆ ಅಗಿಯುತ್ತ ಯೋಚಿಸಿದಳು. ಶುಭಾ ಗಡಿಯಾರ ನೋಡಿದಳು. ತೀರ್ಪು ಕೊಡುವ ಪಂಚರು ಸೀಟಿ ಬಾಯಿಗಿಟ್ಟರು.

"ಒಬ್ಬರ್ನೂ ಬಿಡಬಾರದು."

"ಬಿಡಂಗಿಲ್ಲ."

"ಅಕಿ ಮರತ್ರ ನೀ ಮಾಡಬೇಕು."

"ಮಾಡ್ತೀನಿ!"

"ಕೇಳಿದ್ಯೇನಽ ಮಾಳಿ?"

"ಹ್ಞೂಂ," ಎಂದಳು ಮಾಳಮ್ಮ.

ಹ್ಞೂಂ ಎನ್ನುವುದು ಸುಲಭ. ಕೈ ಕೇಳಬೇಕಲ್ಲ! ಕಾಲು ತಾಗಿದೊಡನೆ ಅವಳ ಬಲಗೈ ತಾನಾಗಿ ಕೆಳಗಿಳಿಯುತ್ತಿತ್ತು. ಅವಳು ಅದನ್ನು ಎಡಗೈಯಿಂದ ಹಿಡಿದು ಮೇಲೆತ್ತಿ ಓಡುತ್ತಿದ್ದಳು. ಅಂಕಗಳು ಹತ್ತಿರ ಹತ್ತಿರ ಬಂದವು. ಕೊನೆಗೆ ಉಳಿದದ್ದು ಒಂದೇ ದಾಳಿ, ಒಂದೇ ಅಂಕದ ಹಿನ್ನಡೆ. ಇಬ್ಬರನ್ನು ಮುಟ್ಟಿ ಬಂದರೆ ಗೆಲುವು. ಮಾಳಮ್ಮ ನುಗ್ಗಿದಳು, ಒಬ್ಬಳ ಭುಜ ಮುಟ್ಟಿದಳು, ತಿರುಗುವ ರಭಸದಲ್ಲಿ ನೀಲಾಬಾಯಿಯ ಪಾದಕ್ಕೆ ಕಾಲು ತಾಗಿಸಿದಳು. ಶಹಾಬಾದದ ಹುಡುಗಿಯರೆಲ್ಲ ಅವಳು ಬಗ್ಗುವ ಎತ್ತರಕ್ಕೆ ತಾವೂ ಬಗ್ಗಿ ಕೈ ಚಾಚಿ ಕಾದರು. ಮಾಳಮ್ಮನ ಬೆನ್ನು ಬಾಗತೊಡಗಿತು.

"ಆಮ್ಯಾಲೆ!" ಎಂದು ಕಿರುಚಿದಳು ಹಣಮವ್ವ.

"ಆಮ್ಯಾಲೆ! ಆಮ್ಯಾಲೆ!" ಮಾಸ್ತರರು ಕುರ್ಚಿಯ ಮೇಲೆ ಹತ್ತಿ ಕುಣಿದರು. ಯಾಕೆಂದು ಗೊತ್ತಿಲ್ಲದೆಯೂ ಇಡೀ ಮೈದಾನ ಆಮ್ಯಾಲೆ ಆಮ್ಯಾಲೆ ಎಂದು ಚಪ್ಪಾಳೆ ತಟ್ಟಿತು. ಬಾಗಿದ ಬೆನ್ನು ಸ್ಪ್ರಿಂಗಿನಂತೆ ನೆಟ್ಟಗಾಯಿತು. ಮಾಳಮ್ಮ ಬಗ್ಗಿ ಕೂತಿದ್ದವರ ತಲೆಯ ಮೇಲಿಂದ ಹಾರಿ ಗೆರೆಯ ಈಚೆ ಬಿದ್ದಳು.

ಗೆದ್ದ ಸಂಭ್ರಮದಲ್ಲಿ ಅವಳನ್ನು ಎತ್ತಿಕೊಳ್ಳಲು ಹೋದವರಿಗೆ ಅವಳು ಸಿಗಲಿಲ್ಲ. ಅವಳಾಗಲೇ ಎದುರಾಳಿಗಳ ಬೆನ್ನು ಹತ್ತಿದ್ದಳು. "ಬ್ಯಾಡವ್ವಾ, ನಾವೇನ್ ಮುದುಕ್ಯಾರಾ?" ಎಂದು ಅವರು ಓಡಿದರು. ಮಾಳಮ್ಮನಿಂದ ಓಡಿ ಯಾರು ಉಳಿದಾರು? ಒಬ್ಬೊಬ್ಬಳನ್ನೇ ಹಿಡಿದು, ಮುಟ್ಟಿ, ಕಣ್ಣಿಗೊತ್ತಿಕೊಂಡಳು. ತಪ್ಪಿಸಿಕೊಳ್ಳುವ ಭರದಲ್ಲಿ ನೀಲಾಬಾಯಿಯ ಕಾಲು ಪಂಚರಿಗೆ ತಾಗಿತು, ಅವಳೂ ಬಗ್ಗಿದಳು. ಪಂಚರು ಹಿಂದೆ ಸರಿದು ಶುಭಾಳ ಕಾಲು ತುಳಿದರು, ಅವರೂ ಬಗ್ಗಿದರು. ದೂರದಿಂದ ನೋಡಿದವರಿಗೆ ಮೈದಾನದಲ್ಲಿ ಯಾರದೋ ಕಿವಿಯೋಲೆ ಕಳೆದಂತೆ ಕಾಣುತ್ತಿತ್ತು.

ಫೋನು ಬಡಿದುಕೊಂಡಿತು. ಸುರೇಶಕುಮಾರರು. ಮಾಸ್ತರರು ಫೋನೆತ್ತಿದರು. ಸುಮ್ಮನಿದ್ದರೆ ಡುಬ್ಕಿ ಡುಬ್ಕಿಯಾಗಿಯೇ ಉಳಿಯುತ್ತಿತ್ತು. ಆದರೆ ಶಿಬಿರದಲ್ಲಿ ಇವಳು ಸೀನಿಯರ್ ಆಟಗಾರ್ತಿಯರ ಕಾಲಿಗೆ ಬಗ್ಗುತ್ತ ನಿಂತರೆ?

"ಸರ್, ಆಗ ಡುಬ್ಕಿ ಅಂದಿದ್ದೆ. ಅದು ನಮಸ್ಕಾರ ಸರ್." ಎಲ್ಲವನ್ನೂ ಹೇಳಿದರು, ಹೆಗಲ ಮೇಲಿನ ಕಲ್ಲಿನ ಸಂಗತಿಯನ್ನೂ ಅವಸರದಲ್ಲಿ ಸೇರಿಸಿದರು. "ಎಡಕ್ಕ ತಿರಗೂದು ಕಲಿಸಬೇಕ್ರಿ. ಮೈಯಾಗ ಇನ್ನಷ್ಟು ಕಸುವು ಬರಬೇಕು. ಆದ್ರ ಆ ಕಣ್ಣು, ಆ ಉಸಿರು ಕಲಿಸಿದ್ರ ಬರೂದಲ್ರಿ. ಮತ್ತ ಹುಟ್ಟಿದಾಗಿನ ರೂಢಿ ಅರ್ಧ ಆಟದಾಗ ಬಿಟ್ಟು ಗೆದ್ದಾಳ್ರಿ. ನಾ ಚಹಾ ಬಿಡ್ತೀನಂತ ಎಷ್ಟು ವರ್ಷಾತು!"

ಆ ಕಡೆ ಬಹಳ ಹೊತ್ತು ನಗು. "ರೊಟ್ಟಿ?"

"ಹಾಸ್ಟೆಲಿನ ಅನ್ನ ಉಂಡು ಬದುಕ್ಯಾಳ್ರಿ. ಇನ್ನೇನ್ ಬೇಕು?"

"ಸರಿ ಮೇಷ್ಟ್ರೇ, ಶಿಬಿರಕ್ಕೆ ಕಳಿಸಿ. ಟ್ರ್ಯಾಕ್‌ಸೂಟ್ ನಿಮ್ಮ ಹತ್ರಾನೇ ಇರಲಿ. ಒಂದು ನಿಮಿಷ ಅವಳಿಗೆ ಫೋನ್ ಕೊಡಿ, ಎಲ್ಲರಿಗೂ ಕೇಳೋ ಪ್ರಶ್ನೆ ಒಂದಿದೆ."

ಮಾಸ್ತರರು ಫೋನಿನ ಧ್ವನಿ ಜೋರು ಮಾಡಿ ಹಿಡಿದರು. ಶುಭಾ, ಹಣಮವ್ವ ಇಬ್ಬರೂ ಕಿವಿ ತಂದಿಟ್ಟರು.

"ನೋಡಮ್ಮ ಮಾಳಮ್ಮ, ಬೇಕಾದಷ್ಟು ಹುಡುಗೀರಿದ್ದಾರೆ. ಅವರನ್ನೆಲ್ಲ ಬಿಟ್ಟು ನಿನ್ನನ್ನೇ ನಾವು ಯಾಕೆ ತಗೋಬೇಕು, ಹೇಳು?"

ಮಾಳಮ್ಮ ಮೊಣಕೈಗೆ ಮೆತ್ತಿದ್ದ ಮಣ್ಣು ಒರೆಸಿಕೊಂಡಳು. ಮಾಸ್ತರರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಅದನ್ನ ನೋಡ್ಲಿಕ್ಕೇ ಇವರನ್ನ ಕಳಿಸೀರಲ್ರಿ?"