ಅರಿಶಿನ ಹಚ್ಚಿದ ಮಶೀನು

ವಾಪಸಾತಿಯ ನಿಯಮ ಬರೆಯುವವರ ಮನೆಯಲ್ಲಿ ಅತ್ತೆಯಂದಿರು ಇರುವುದಿಲ್ಲವೆಂದು ನನಗೀಗ ಖಾತ್ರಿಯಾಗಿದೆ. ಇದ್ದಿದ್ದರೆ ‘ವಸ್ತು ಬಂದ ಸ್ಥಿತಿಯಲ್ಲೇ ಇರತಕ್ಕದ್ದು’ ಎಂಬ ಸಾಲನ್ನು ಅಷ್ಟು ನಿಶ್ಚಿಂತೆಯಿಂದ ಬರೆಯುತ್ತಿರಲಿಲ್ಲ.

ನನಗೊಂದು ಹೊಲಿಗೆ ಮಶೀನು ಬೇಕಾಗಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಸ್ಮಾಕಿಂಗ್ ಕಲಿಸಿದ್ದರು. ಬಟ್ಟೆಯನ್ನು ಸಣ್ಣ ಸಣ್ಣ ನಿರಿಗೆಯಾಗಿ ಹಿಡಿದು, ಅದರ ಮೇಲೆ ಜೇನುಗೂಡಿನ ಹಾಗೆ ದಾರದ ಕಸೂತಿ ಹಾಕುವ ಕೆಲಸ. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ, ಕೆಳಗಿನ ಮಹಡಿಯ ಮರಾಠಿ ಕಾಕೂ ಅವರ ಮೊಮ್ಮಗಳಿಗೆ ಅಂಥದೊಂದು ಫ್ರಾಕನ್ನು ಪೂರ್ತಿ ಕೈಯಲ್ಲೇ ಹೊಲಿದುಕೊಟ್ಟೆ. ಆ ಮಗು ಅದನ್ನು ತೊಟ್ಟು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿದ್ದೇ ತಡ, ಬೇರೆ ತಾಯಂದಿರೂ ಕೇಳಿಕೊಂಡು ಬರತೊಡಗಿದರು. ಕಸೂತಿಯೇನೋ ಕೈಯಲ್ಲಾದೀತು, ಉದ್ದದ ಹೊಲಿಗೆಗಳೆಲ್ಲ ಕೈಯಲ್ಲಿ ಆಗುವ ಮಾತಲ್ಲ. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ನಾನು ಮಾಡಿದ್ದೆಲ್ಲ ಮನೆಯ ಕೆಲಸ. ಇದೊಂದು ನನ್ನ ಕೆಲಸವಾಗಬಹುದಿತ್ತು.

“ಮಂದಿ ಮಕ್ಕಳ ಅಂಗಿ ಹೊಲ್ಯಾಕ ನಾವೇನ್ ಟೇಲರ್ ಮನ್ಯಾಗ ಹುಟ್ಟೀವೇನ?” ಅಂದರು ಅತ್ತೆ. ಶೇಂಗಾ ಸುಲಿಯುತ್ತ ಕೂತಿದ್ದವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಶೇಂಗಾಕಾಯಿಯನ್ನೇ ಕೇಳಿದರು.

ಗಂಡನ ವಿರೋಧ ಇನ್ನೊಂದು ಬಗೆಯದು. ಪವಾಯಿಯ ಆಫೀಸಿನಿಂದ ಬಂದವರು ಬೂಟಿನ ಲೇಸು ಬಿಚ್ಚುತ್ತಲೇ, “ತಗೋಳ್ಳೋದಿದ್ರ ತಗೋ. ಆದ್ರ ಸಸ್ತಾ ಅಂತ ಹೇಳಿ ಬೀಳಬ್ಯಾಡ, ರಿಟರ್ನ್ ಐತೇನಿಲ್ಲ ನೋಡು. ಆಮ್ಯಾಲೆ ನನ್ನ ಮುಂದ ಬಂದು ಅಳಬ್ಯಾಡ” ಅಂದರು. ಅವರ ಮುಂದೆ ನಾನು ಅತ್ತದ್ದು ಯಾವಾಗ ಎಂದು ಬಹಳ ಹೊತ್ತು ಯೋಚಿಸಿದೆ. ನೆನಪಾಗಲಿಲ್ಲ.

ಫೋನಿನಲ್ಲಿ ಒಂದೇ ಮಶೀನನ್ನು ಇಬ್ಬರು ಮಾರುತ್ತಿದ್ದರು. ಚಿತ್ರವೂ ಒಂದೇ; ಕೆಳಗೆ ಹಾಸಿದ್ದ ನೀಲಿ ಬಟ್ಟೆ, ಎಡಗಡೆ ಬಿದ್ದ ನೆರಳು ಕೂಡ ಒಂದೇ. ಒಬ್ಬನದು ಅಗ್ಗ, ವಾಪಸ್ ಇಲ್ಲ, ಬದಲಾಯಿಸಿಯೂ ಕೊಡುವುದಿಲ್ಲ. ಇನ್ನೊಬ್ಬನದು ಸಾಕಷ್ಟು ದುಬಾರಿ, ಆದರೆ ವಾರದೊಳಗೆ ವಾಪಸ್ ತೆಗೆದುಕೊಳ್ಳುತ್ತಾನೆ. ಮಶೀನು ಅದೇ ಆದಮೇಲೆ ನಾನು ಹೆಚ್ಚಿಗೆ ಕೊಡಬೇಕಾಗಿದ್ದದ್ದು ಬರೀ ಒಂದು ಮಾತಿಗೆ. ಕೊಂಡವರ ಅಭಿಪ್ರಾಯ ಓದೋಣವೆಂದರೆ, ದಹಿಸರ್‌ನ ಒಬ್ಬಾಕೆ ಐದು ನಕ್ಷತ್ರ ಕೊಟ್ಟು, ಕೆಳಗೆ ಮಿಕ್ಸರಿನ ಫೋಟೋ ಹಾಕಿದ್ದಳು. ಎರಡು ದಿನ ಅಳೆದು ಸುರಿದು, ಕಡೆಗೆ ಮಾತಿಗೇ ದುಡ್ಡು ಕೊಟ್ಟೆ.

ಮಶೀನು ಬಂದಾಗ ನಾನು ಭಾಜಿ ತರಲು ಹೋಗಿದ್ದೆ. ಮೆಂತ್ಯದ ಸೂಡು ಹಿಡಿದು ಒಳಗೆ ಬಂದರೆ, ಡಬ್ಬಿ ಹರಿದಿತ್ತು, ಥರ್ಮೋಕೋಲಿನ ಬಿಳಿ ಕಾಳು ಹಾಲ್ ತುಂಬ ಹಾರಾಡುತ್ತಿತ್ತು. ಟೀಪಾಯಿಯ ಮೇಲೆ ಮಶೀನು. ಅದರ ಬಿಳಿ ಹಣೆಗೆ ಅರಿಶಿನದ ಪಟ್ಟೆ, ನಡುವೆ ಕುಂಕುಮ, ನೆತ್ತಿಗೆ ಅಕ್ಷತೆ. ದಾರದ ಉರುಳೆ ಸಿಕ್ಕಿಸುವ ಕಡ್ಡಿಯ ಪಕ್ಕದ ಸಂದಿಯಲ್ಲಿ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಹೊಲಿಗೆಗೆ ಅತ್ತೆಯ ವಿರೋಧವಿದ್ದದ್ದು ನಿಜ. ಹೊಸ ವಸ್ತು ಪೂಜೆಯಿಲ್ಲದೆ ಮನೆಯಲ್ಲಿ ಕೂರುವುದಕ್ಕೆ ಅದಕ್ಕಿಂತ ಹೆಚ್ಚಿನ ವಿರೋಧವಿತ್ತು. ನಮ್ಮಲ್ಲಿ ಫ್ರಿಜ್ಜು, ಗ್ಯಾಸಿನ ಒಲೆ, ಗಂಡನ ಲ್ಯಾಪ್‌ಟಾಪು, ಇಂಟರ್‌ನೆಟ್ಟಿನ ಪುಟ್ಟ ಡಬ್ಬಿ, ಎಲ್ಲವೂ ಹಣೆಗೆ ಹಚ್ಚಿಸಿಕೊಂಡೇ ಕೆಲಸ ಶುರುಮಾಡಿದವು. ಪ್ಲಗ್ ಹಾಕುವುದು ಆಮೇಲೆ.

ಆಮೇಲೆ ಪ್ಲಗ್ ಹಾಕಿದೆ. ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಬೀಳಲಿಲ್ಲ. ಅಡಿಯಲ್ಲಿ ದಾರ ಗುಬ್ಬಿಗೂಡಿನಂತೆ ಸುತ್ತಿಕೊಂಡಿತು. ಸೂಜಿ ಬದಲಿಸಿದೆ, ದಾರ ಬದಲಿಸಿದೆ, ಪುಸ್ತಿಕೆ ನೋಡಿಕೊಂಡು ತಿರುಪು ತಿರುಗಿಸಿದೆ. ಏನು ಮಾಡಿದರೂ ಅಷ್ಟೇ. ಹೋಗಲಿ, ಇದಕ್ಕೆಂದೇ ಅಲ್ಲವೇ ಹೆಚ್ಚಿಗೆ ಕೊಟ್ಟಿದ್ದು ಎಂದುಕೊಂಡು ವಾಪಸಿಗೆ ಹಾಕಿದೆ. ಆ ಕಡೆಯಿಂದ ಉತ್ತರ ಬರೆಯುತ್ತಿದ್ದದ್ದು ಮನುಷ್ಯನಲ್ಲವೆಂದು ಗೊತ್ತಿದ್ದೂ ಮೂರು ಸಲ ಪ್ಲೀಸ್ ಎಂದು ಬರೆದೆ.

ವಸ್ತು ಒಯ್ಯಲು ಬಂದವನು ಹೆಲ್ಮೆಟ್ಟನ್ನೂ ತೆಗೆಯಲಿಲ್ಲ. ಡಬ್ಬಿ ನೋಡಿದ, ವೈರು ನೋಡಿದ, ತನ್ನ ಫೋನಿನ ಚಿತ್ರ ನೋಡಿದ. ಉಗುರಿನಿಂದ ಮಶೀನಿನ ಹಣೆ ಕೆರೆದ.

“ಮೇಡಮ್, ಯೇ ಹಲ್ದಿ ಹೈ ಕ್ಯಾ?”

ಹೌದು, ಪೂಜೆ ಮಾಡಿದ್ದೇವೆ, ಬಳಸಿಲ್ಲ ಎಂದು ನನ್ನ ಕಾನ್ವೆಂಟಿನ ಹಿಂದಿಯಲ್ಲಿ ತಿಳಿಸಿದೆ. ಅವನು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ಗೀರು, ಕಲೆ, ಒಡಕು ಎಂದು ಒತ್ತಲು ಗುಂಡಿಗಳಿದ್ದವು.

“ಇಸ್‌ಮೇ ಭಗವಾನ್ ಕಾ ಆಪ್ಶನ್ ನಹೀಂ ಹೈ,” ಎಂದು ‘ಕಲೆ’ಯನ್ನು ಒತ್ತಿ ಮೆಟ್ಟಿಲಿಳಿದ.

ಆ ಸಂಜೆ ಗಂಡ ನಕ್ಕರು. “ಇಷ್ಟು ಓದೀದಿ, ರಿಟರ್ನ್ ಮಾಡೋ ಮಾಲಿಗೆ ಕುಂಕುಮ ಹಚ್ಚಬಾರ್ದು ಅಂತ ಗೊತ್ತಿಲ್ಲೇನು?”

“ಹಚ್ಚಿದ್ದು ನಾನಲ್ರಿ.”

“ನನ್ನ ನಡುವ ತರಬ್ಯಾಡ,” ಎಂದು ಟಿವಿ ದನಿ ಏರಿಸಿದರು. ಅವರನ್ನು ನಡುವೆ ತರಲು ಯಾರಿಗೂ ಆಗಿಲ್ಲ, ಅದೇ ಈ ಮನೆಯ ಕಷ್ಟ.

ಅರಿಶಿನವನ್ನು ಪಾತ್ರೆಯ ಸೋಪಿನಿಂದ ತಿಕ್ಕಿದೆ. ಹಳದಿ ಹೋಗಿ ಕೆಂಪಾಯಿತು, ಗಾಯದ ಹಾಗೆ. ಆಮೇಲೆ ನೆನಪಾಯಿತು, ಅರಿಶಿನದ ಕಲೆ ಬಿಸಿಲಿಗೆ ಹಾರುತ್ತದೆ. ನಮ್ಮ ಅಡುಗೆಮನೆಯ ಗ್ರಿಲ್ಲಿಗೆ, ಎದುರಿನ ಟವರಿನ ನೆರಳು ಬರುವ ತನಕ ಮಾತ್ರ ಬಿಸಿಲು. ಅಷ್ಟೇ ಹೊತ್ತು ಮಶೀನನ್ನು ಅಲ್ಲಿಟ್ಟು, ಹಪ್ಪಳ ತಿರುವಿದಂತೆ ತಿರುವಿಟ್ಟೆ. ದಿನ ಕಳೆದ ಹಾಗೆ ಕಲೆ ತೆಳುವಾಯಿತು. ಕಡೆಗೆ, ಇತ್ತೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಉಳಿಯಿತು. ಮತ್ತೊಮ್ಮೆ ವಾಪಸಿಗೆ ಹಾಕಿದೆ. ಶುಕ್ರವಾರ ಬರುತ್ತೇವೆಂದು ಉತ್ತರ ಬಂತು. ವಾರದ ಗಡುವಿಗೆ ಅದೇ ಕಡೆಯ ದಿನ. ಅತ್ತೆಗೂ ಹೇಳಿದೆ. ಹೂಂ ಅಂದರು.

ಶುಕ್ರವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಶೀನು ಮತ್ತೆ ಟೀಪಾಯಿಯ ಮೇಲಿತ್ತು. ಈ ಸಲ ಬೆರಳಿನ ಪಟ್ಟೆಯಲ್ಲ, ಅಂಗೈಯಿಂದ ಬಳಿದಿದ್ದರು. ಬಟ್ಟೆ ಒತ್ತುವ ಪಾದ, ಹಲ್ಲಿನ ಸಾಲು, ಚಕ್ರ, ಎಲ್ಲ ಹಳದಿ. ಒಂದು ಸಲ ಪೂಜೆಯಾದ ಮಶೀನಿಗೆ ಎರಡನೆಯ ಸಲ ಇಷ್ಟು ಅರಿಶಿನ ಯಾವ ಪದ್ಧತಿಯಲ್ಲೂ ಇಲ್ಲ.

“ಅತ್ತಿ, ಇವತ್ತ ಅಂವ ಬರ್ತಾನಂತ ನಿನ್ನೆ ನಿಮಗ ಹೇಳಿದ್ನಲ್ರಿ.”

“ಹೇಳಿದ್ದಿ. ಇವತ್ತ ಶುಕ್ರವಾರ ಅಂತ ನಾ ಯಾರ್ನೂ ಕೇಳಬೇಕಿಲ್ಲ.”

“ಇದು ಕೆಟ್ಟ ಮಶೀನ್ರಿ. ವಾಪಸ್ ಹೋಗಬೇಕು.”

“ಹೋಗೂದಿಲ್ಲ. ಪೂಜಿ ಆದದ್ದು ಹೊಸ್ತಿಲಾ ದಾಟಬಾರದು. ಅರಿಷಿಣ ಹಚ್ಚಿದ್ದನ್ನ ವಾಪಸ್ ಕಳಸೂ ಹಂಗಿದ್ರ ಮೊದಲ ನಿನ್ನ ಕಳಸ್ತಿದ್ದೆ.”

ಮಾತು ಬಾಯಿಗೆ ಬಂದರೂ ಮನಸ್ಸಿನಲ್ಲಿ ಹತ್ತು ಎಣಿಸಬೇಕೆಂದು ಸಿಸ್ಟರ್ ಹೇಳುತ್ತಿದ್ದರು. ಎಣಿಸಿದೆ. ಆಮೇಲೂ ಅದೇ ಮಾತು ಬಂತು.

“ಕಳಸಬೇಕಿತ್ರಿ. ನಮ್ಮ ತವರಿನವರರ ಕೆಟ್ಟದ್ದೇನೈತಿ ಅಂತ ಕೇಳಿ ಕರ್ಕೋತಿದ್ರು.”

“ನೋಡ್ರೆವ್ವಾ ಬಾಯಿ! ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಿಸ್ಯಾರೇನ?” ಅಂದರು. ಸೆರಗಿಗೆ ಕೈ ಒರೆಸಿಕೊಂಡು, ದನಿ ತಗ್ಗಿಸಿ, “ಕೆಟ್ಟಿದ್ರ ಕೆಟ್ಟಿರ್ಲಿ. ಕಂಡೋರೆಲ್ಲಾ ಬಂದು ‘ಅಂಗಿ ಆತೇನ್ರಿ, ಅಂಗಿ ಆತೇನ್ರಿ’ ಅನ್ನೂದರ ತಪ್ಪತೈತಿ” ಅಂದರು.

ಅಲ್ಲಿಗೆ ತಿಳಿಯಿತು. ಅವರು ದೇವರನ್ನು ಕಾಯುತ್ತಿರಲಿಲ್ಲ.

ಹೆಲ್ಮೆಟ್ಟಿನವನು ಬಂದ, ಬಾಗಿಲಿನಿಂದಲೇ ಟೀಪಾಯಿ ನೋಡಿದ, ನನ್ನನ್ನು ನೋಡಿದ. ಹೆಂಗಸಿಗೆ ತಲೆ ಸರಿಯಿಲ್ಲವೆಂದು ಅಂದುಕೊಂಡಿರಬೇಕು. ನಾನು ಸಾರಿ ಅಂದೆ. ಯಾಕೆ ಅಂದೆನೋ, ಅಭ್ಯಾಸ. ಅಲ್ಲಿಗೆ ವಾಪಸಾತಿಯ ವಾರ ಮುಗಿಯಿತು.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಫೋನು ತೆಗೆದೆ. ಅಗ್ಗದ ಮಶೀನು ಇನ್ನೂ ಇತ್ತು. ವಾಪಸ್ ಕೊಡುವ ಹಕ್ಕು, ಬಂದ ವಸ್ತುವನ್ನು ಮೊದಲು ಮುಟ್ಟಲು ಸಿಗುವವರಿಗೆ. ನನಗೆ ಈ ಮನೆಯಲ್ಲಿ ಅಷ್ಟೂ ಇರಲಿಲ್ಲ. ಇಲ್ಲದ ಹಕ್ಕಿಗೆ ದುಡ್ಡು ಸುರಿದಿದ್ದೆ. ಗಂಡ ಹೇಳುವ ಬುದ್ಧಿಮಾತು ಗಂಡಸರಿಗೇ ಸರಿ. ಕೆಳಗಿಳಿದು ಕಾಕೂ ಅವರನ್ನು ಕೇಳಿದೆ. “ಮಾಝ್ಯಾ ಘರೀ ಠೇವ್ ನಾ,” ತಮ್ಮ ಮನೆಯಲ್ಲೇ ಇಟ್ಟುಕೊ ಎಂದರು ಅವರು. ಏಕೆ ಎಂದು ಕೇಳಲಿಲ್ಲ. ಅವರ ವಿಳಾಸ ಹಾಕಿ, ವಾಪಸ್ ಇಲ್ಲ ಎಂಬ ಸಾಲನ್ನು ಎರಡು ಸಲ ಓದಿ, ಕೊಂಡೆ.

ಅದು ಬಂದಾಗ ಡಬ್ಬಿಯನ್ನು ನಾನೇ ಒಡೆದೆ, ಮೊದಲು ಪ್ಲಗ್ ಹಾಕಿದೆ. ಹಳೆಯ ರಿಕ್ಷಾದ ಹಾಗೆ ಸದ್ದು ಮಾಡುತ್ತದೆ. ಅಂಚಿನ ಪ್ಲಾಸ್ಟಿಕ್ಕು ಒರಟು, ದೀಪ ಮಿಣುಕುತ್ತದೆ. ಹೊಲಿಗೆ ಮಾತ್ರ ಒಂದೂ ತಪ್ಪದೆ ಬೀಳುತ್ತದೆ. ನಾಳೆ ಕೆಟ್ಟರೆ ಕೆಟ್ಟಿತು; ಯಾರ ಮುಂದೆಯೂ ಪ್ಲೀಸ್ ಅನ್ನಬೇಕಿಲ್ಲ.

ಮೊದಲ ದಿನ ಒಂದು ಫ್ರಾಕಿನ ಉದ್ದದ ಹೊಲಿಗೆಗಳನ್ನೆಲ್ಲ ಮುಗಿಸಿ ಮೇಲೆ ಬಂದಾಗ ಊಟದ ಹೊತ್ತು ಮೀರಿತ್ತು. ಅತ್ತೆ ಖಾಲಿ ತಾಟಿನ ಮುಂದೆ ಕೂತಿದ್ದರು.

“ಎಲ್ಲಿಗೆ ಹೋಗಿದ್ದಿ?”

“ಕೆಲಸಕ್ಕರಿ, ಅತ್ತಿ.”

ನನ್ನ ಕುರ್ತಾಕ್ಕೆ ಅಂಟಿದ್ದ ಗುಲಾಬಿ ದಾರದ ಚೂರನ್ನೇ ದಿಟ್ಟಿಸಿದರು. “ನನಗ ಬಡಸೂರ್ ಯಾರು?”

“ರೊಟ್ಟಿ ಡಬ್ಬ್ಯಾಗ ಅದಾವ್ರಿ, ಪಲ್ಯ ಒಲಿ ಮ್ಯಾಲೈತಿ. ನಾಳಿಂದ ಇದ ಹೊತ್ತಿಗೆ ಬರ್ತೀನಿ.”

ಅವರು ಎದ್ದು, ತಾಟನ್ನು ಕಟ್ಟೆಯ ಮೇಲೆ ಕುಕ್ಕಿ, ತಾವೇ ಬಡಿಸಿಕೊಂಡರು. ನಾನು ಕೈ ತೊಳೆದು, ನನ್ನ ತಾಟು ತೆಗೆದುಕೊಂಡೆ.